ಕಾಯಂ ವಿಳಾಸಕ್ಕಾಗಿ ನಿದ್ದೆಗೆಟ್ಟ ಊರು

ಬೇರೆ ಊರುಗಳಲ್ಲಿ ಯಜಮಾನರು ಮನೆ ನಡೆಸ್ತಾರಂತೆ. ನಮ್ಮೂರಲ್ಲಿ ಆ ತೊಂದರೆ ಇಲ್ಲ, ಮನೆಗಳು ತಾವಾಗೇ ನಡೀತವೆ. ಒಳಗಿರೋರೆಲ್ಲ ನಿದ್ದೆ ಹೋದ್ರೆ ಸಾಕು, ಮನೆ ಹೊರಟುಬಿಡುತ್ತೆ. ಒಬ್ಬರೇ ಒಬ್ಬರು ಎಚ್ಚರ ಇದ್ರೂ ಕದಲಲ್ಲ. ಬೀಗ ಹಾಕ್ಕೊಂಡು ಎಲ್ಲರೂ ಹೊರಗೆ ಹೋಗಿದ್ರೂ ಕದಲಲ್ಲ. ಮನೆಯವರನ್ನ ಬಿಟ್ಟು ಹೋಗೋವಷ್ಟು ಕಲ್ಲೆದೆ ನಮ್ಮ ಕಲ್ಲಿನ ಮನೆಗಳಿಗೂ ಇಲ್ಲ. ಹೋಗೋದನ್ನ ಕಣ್ಣಾರೆ ಕಂಡೋರು ಯಾರೂ ಇಲ್ಲ. ಪಕ್ಕದ ಮನೆಯೋರು ಆಕಳಿಸಿ ಬಾಯಿ ಮುಚ್ಚೋದ್ರೊಳಗೆ ಇದ್ದದ್ದು ಇಲ್ಲ, ಅಷ್ಟೇ. ಹಾಗಾದ್ರೆ ಕರೆಂಟಿನ ವೈರು ಏನಾಗುತ್ತೆ ಅಂತ ಹೊರಗಿನೋರು ಕೇಳ್ತಾರೆ. ಅದನ್ನ ಲೈನ್‌ಮನ್ ಹತ್ರ ಕೇಳ್ಕೊಳ್ಳಿ, ನನಗೆ ಬೇರೆ ಕೆಲಸ ಇದೆ.

ನನ್ನ ಕೆಲಸ ಕನ್ನಡಕದ್ದು. ಪೇಟೆ ಬೀದೀಲಿ ಅಂಗಡಿ. ಅಂಗಡೀಲಿ ಯಾರೂ ಮಲಗಲ್ಲ, ಅದಕ್ಕೆ ಅಂಗಡಿಗಳು ನಿಂತಲ್ಲೇ ಇರ್ತವೆ. ಸರ್ಕಾರಿ ಕಚೇರಿಗಳು ಮಾತ್ರ ಹಾಗಲ್ಲ. ಊರಲ್ಲಿ ಅತಿ ಹೆಚ್ಚು ತಿರುಗಾಡಿರೋ ಕಟ್ಟಡ ಅಂದ್ರೆ ತಾಲ್ಲೂಕು ಕಚೇರಿ. ಬೆಳಗ್ಗೆ ಎಲ್ಲಿದೆ ಅಂತ ಹೇಳಬಹುದು, ಮಧ್ಯಾಹ್ನದ ಊಟ ಆದ್ಮೇಲೆ ಎಲ್ಲಿರುತ್ತೆ ಅಂತ ತಹಸೀಲ್ದಾರರಿಗೂ ಗೊತ್ತಿರಲ್ಲ.

ಇದಕ್ಕೆಲ್ಲ ನಾವು ಹೊಂದಿಕೊಂಡು ಬಿಟ್ಟಿದ್ವಿ. ಬೆಳಗ್ಗೆ ಮೊದಲು ಎದ್ದೋರು ಬಾಗಿಲು ತೆಗೆದು, ಎಲ್ಲಿದೀವಿ ಅಂತ ನೋಡಿ, ಗಟ್ಟಿಯಾಗಿ ಕೂಗೋದು ನಮ್ಮಲ್ಲಿ ಪದ್ಧತಿ. "ಕನ್ನಡಕದವರ ಮನೆ ದೊಡ್ಡ ಬಾವಿ ಪಕ್ಕಾ!" ಅಂತ ನಾನು ಕೂಗಿದ್ರೆ, ಕೇಳಿಸಿಕೊಂಡೋರು ಅದನ್ನ ಮುಂದಿನ ಬೀದಿಗೆ ದಾಟಿಸೋರು. ಹಾಲಿನವಳು, ಅಂಚೆಯವನು, ಸೂಲಗಿತ್ತಿ, ಎಲ್ಲರೂ ಆ ಕೂಗಿನ ಮೇಲೇ ಬದುಕಿದ್ರು. ತರಕಾರಿ ಬೆಳೆಸಿದ್ರೆ ಕುಂಡದಲ್ಲೇ ಬೆಳೆಸ್ತಿದ್ವಿ. ವಾಸ್ತು ಹೇಳೋರು ಒಬ್ಬರು ಬಂದು ಬೋರ್ಡು ಹಾಕಿದ್ರು. ಪೂರ್ವಕ್ಕೆ ಮಾಡಿಸಿದ ಬಾಗಿಲು ಮಾರನೇ ದಿನ ದಕ್ಷಿಣಕ್ಕೆ ತಿರುಗಿರೋದು ನೋಡಿ, ಬೋರ್ಡು ಕೂಡ ಬಿಚ್ಚದೆ ಓಡಿಹೋದ್ರು. ನೆರೆಮನೆಯೋರ ಜೊತೆ ಜಗಳ ಆದ್ರೆ ರಾಜಿ ಪಂಚಾಯ್ತಿ ಬೇಕಿರ್ಲಿಲ್ಲ, ಒಂದು ನಿದ್ದೆ ತೆಗೆದ್ರೆ ಸಾಕಿತ್ತು.

ಇಂಥ ಊರಿಗೆ ಸರ್ಕಾರ ಬಂದು ಬಾಗಿಲು ತಟ್ತು. 'ಮನೆಬಾಗಿಲು' ಅಂತ ಜಾಲತಾಣ. ತಾಣಾನೇ ನೆಟ್ಟಗಿಲ್ಲದ ಊರಿಗೆ ಜಾಲತಾಣ! ಟೌನ್‌ಹಾಲಲ್ಲಿ ಉದ್ಘಾಟನೆ ಆಯ್ತು, ಆಯುಕ್ತರು ಬಂದು ಫೋನ್ ಮೇಲೆ ಬೆರಳೊತ್ತಿದ್ರು, ಎಲ್ಲರೂ ಚಪ್ಪಾಳೆ ತಟ್ಟಿದ್ವಿ. ಇನ್ಮೇಲೆ ನೀವು ಸರ್ಕಾರದ ಹತ್ರ ಹೋಗೋದಲ್ಲ, ಸರ್ಕಾರಾನೇ ನಿಮ್ಮ ಹತ್ರ ಬರುತ್ತೆ ಅಂದ್ರು. ಸುಳ್ಳು ಯಾಕೆ ಹೇಳ್ಲಿ, ಮೊದಮೊದಲು ನಾನೂ ಮರುಳಾಗಿಬಿಟ್ಟೆ. ಒಂದು ಜಾತಿ ಪ್ರಮಾಣಪತ್ರಕ್ಕೆ ತಾಲ್ಲೂಕು ಕಚೇರೀನ ಹುಡುಕ್ಕೊಂಡು ಹೊಳೆದಂಡೆಯೆಲ್ಲ ಅಲೆದವನು ನಾನು. ಈಗ ಕಾಫಿ ಆರೋದ್ರೊಳಗೆ ಫೋನಿಗೆ ಬಂದು ಬಿತ್ತು. ನಮ್ಮತ್ತೆ ವಿಧವಾ ಪಿಂಚಣಿ ಯಾರ ಕೈ ಬಿಸಿ ಮಾಡದೇ ಖಾತೆಗೆ ಬಂತು. ನಮ್ಮನೇಯೋಳು ಸರ್ವಮಂಗಳ ಸುಲಭಕ್ಕೆ ಯಾರನ್ನೂ ಹೊಗಳೋಳಲ್ಲ. ಅವಳೇ "ಇದನ್ನ ಮಾಡಿದೋರ ಹೊಟ್ಟೆ ತಣ್ಣಗಿರ್ಲಿ ರೀ" ಅಂದ್ಲು.

ತೊಂದರೆ ಶುರುವಾಗಿದ್ದು ಮನೆ ಬಾಗಿಲಿಗೇ ಬರಬೇಕಾದ ಸೇವೆಗಳಲ್ಲಿ. ಗ್ಯಾಸು, ಪಡಿತರ, ಮಾತ್ರೆ, ಗರ್ಭಿಣಿಯರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋ ತಾಯಿಗಾಡಿ. ಇವಕ್ಕೆಲ್ಲ ಕಾಯಂ ವಿಳಾಸ ಕಡ್ಡಾಯ. ನಕ್ಷೆ ಮೇಲೆ ನಿಮ್ಮ ಮನೆ ಇರೋ ಕಡೆ ಒಂದು ಕೆಂಪು ಪಿನ್ ಚುಚ್ಚಬೇಕು. ಚುಚ್ಚಿದ ಮೇಲೆ ಮುಗೀತು, 'ಬದಲಾವಣೆಗೆ ಅವಕಾಶವಿಲ್ಲ'. ಮದುವೆಗಾದ್ರೂ ವಿಚ್ಛೇದನ ಇದೆ, ಈ ಪಿನ್ನಿಗೆ ಅದೂ ಇಲ್ಲ.

ಮೊದಲು ಸಿಕ್ಕಿಬಿದ್ದೋರು ಕರಿಬಸವಯ್ಯ ಮೇಷ್ಟ್ರು. ಡ್ರಾಯಿಂಗ್ ಮೇಷ್ಟ್ರಾಗಿ ರಿಟೈರಾದೋರು, ಮದುವೆ ಆಗದೇ ಉಳಿದೋರು. ಯಾರೋ ಗರ್ಭಿಣಿ ಚುಚ್ಚಿದ್ದ ಪಿನ್ನಿನ ಮೇಲೆ ಅವರ ಮನೆ ಬಂದು ಕೂತಿತ್ತು. ಬೆಳಗ್ಗೆ ಜಗಲೀಲಿ ನಿಂತು ಹಲ್ಲುಜ್ತಾ ಇದಾರೆ, ತಾಯಿಗಾಡಿ ಬಂದು ನಿಂತ್ಕೊಳ್ತು. "ಹತ್ತಿ ಸಾರ್." "ಎಲ್ಲಿಗೆ?" "ಹೆರಿಗೆಗೆ." "ಯಾರದ್ದು?" "ಇಲ್ಲಿ ನಿಮ್ಮದೇ ಅಂತ ತೋರಿಸ್ತಿದೆ." ಮೇಷ್ಟ್ರು ನೊರೆ ಉಗುಳಿ, "ನನ್ನ ಮುಖ ನೋಡಿದ್ರೆ ಹಾಗನ್ಸುತ್ತೇನ್ರಿ ನಿಮಗೆ?" ಅಂದ್ರು. "ಮುಖ ನೋಡೋದು ನಮ್ಮ ಕೆಲಸ ಅಲ್ಲ ಸಾರ್, ಪಿನ್ ನೋಡೋದಷ್ಟೇ." ಕೊನೆಗೆ 'ನನಗೆ ಹೆರಿಗೆ ಬೇಡ' ಅಂತ ಫೋನ್ ಮೇಲೆ ಬೆರಳಲ್ಲಿ ಸಹಿ ಮಾಡಿಕೊಟ್ಟ ಮೇಲೇ ಗಾಡಿ ಹೊರಟಿದ್ದು. ಆ ಹೆಣ್ಣುಮಗಳು ಪಾಪ ಊರಿನ ಇನ್ನೊಂದು ತುದೀಲಿ, ಮನೇಲೇ, ನಡುಮನೆ ನೆಲದ ಮೇಲೆ ಹೆತ್ತಳು. ಇಬ್ಬರೂ ಉಳಿದಿದ್ದು ಪುಣ್ಯ. ಜಾಲತಾಣದಲ್ಲಿ ಮಾತ್ರ 'ಸೇವೆ ಪೂರ್ಣಗೊಂಡಿದೆ' ಅಂತ ಹಸಿರು ಟಿಕ್ಕು.

ಬೇರೆ ಊರಿನೋರಾಗಿದ್ರೆ ಅರ್ಜಿ ಕೊಡೋರು, ಮೆರವಣಿಗೆ ಮಾಡೋರು, ಕಲ್ಲು ತೂರೋರು. ನಮ್ಮೂರಿನೋರು ಹೊಂದಿಕೊಳ್ಳೋದ್ರಲ್ಲಿ ಪಳಗಿದೋರು. ಪಿನ್ ಕದಲಲ್ಲ ಅಂದ್ಮೇಲೆ ಮನೇನೇ ಕದಲದ ಹಾಗೆ ನೋಡ್ಕೊಳ್ಳೋಣ ಅಂತ ತೀರ್ಮಾನ ಮಾಡಿಬಿಟ್ರು. ಅಂದ್ರೆ ಮನೇಲಿ ಯಾವಾಗ್ಲೂ ಒಬ್ಬರು ಎಚ್ಚರ ಇರಬೇಕು. ಅದಕ್ಕೆ ಎಚ್ಚರದ ಪಾಳಿ ಅಂತ ಹೆಸರಿಟ್ಟು, ಗಂಡನದ್ದು ಇಷ್ಟು ಹೊತ್ತು, ಹೆಂಡತಿಯದ್ದು ಇಷ್ಟು ಹೊತ್ತು ಅಂತ ಹಂಚಿಕೊಂಡ್ರು. ಜಾಲತಾಣ ನಮಗೆ ಕೆಲಸ ಮಾಡಬೇಕಿತ್ತು. ನಾವು ಜಾಲತಾಣಕ್ಕೆ ಕಾವಲು ಕೂತ್ವಿ.

ಊರಿಗೆ ಊರೇ ಕೆಂಗಣ್ಣಾಯ್ತು. ಕ್ಷೌರದ ಅಂಗಡೀಲಿ ತೂಕಡಿಸ್ತಾ ಇದ್ದೋನು, ತೂಕಡಿಸ್ತಾ ಇದ್ದ ಗಿರಾಕಿಯ ಅರ್ಧ ಮೀಸೆ ತೆಗೆದುಬಿಟ್ಟ; ಇಬ್ಬರಿಗೂ ಸಂಜೆವರೆಗೆ ಗೊತ್ತೇ ಆಗಿಲ್ಲ. ಪೂಜಾರಪ್ಪ ಮಂಗಳಾರತಿ ತಟ್ಟೆ ಹಿಡ್ಕೊಂಡೇ ಗೊರಕೆ ಹೊಡೆದ್ರು. ಎಚ್ಚರ ಇರೋಕೆ ಬೇರೆ ದಾರಿ ಕಾಣದೆ ಎಷ್ಟೋ ಗಂಡಸರು ಹೆಂಡತಿ ಹೇಳೋ ಮಾತನ್ನ ಮೊದಲ ಸಲ ಪೂರ್ತಿ ಕೇಳಿಸ್ಕೊಂಡ್ರು, ಅದರಿಂದ ಹುಟ್ಟಿದ ಜಗಳಗಳೇ ಬೇರೆ. ಜಗಳ ಆಡಿದೋರಿಗೆ ಪಾರಾಗೋಕೂ ದಾರಿ ಇಲ್ಲ, ನೆರೆಮನೆ ನೆರೆಯಲ್ಲೇ ಬೇರುಬಿಟ್ಟಿದೆ. ಕಣ್ಣುರಿ ಅಂತ ಬರೋರಿಂದ ನನ್ನ ಅಂಗಡಿಗೆ ಒಳ್ಳೆ ವ್ಯಾಪಾರ. ಆದ್ರೆ ಬಂದೋರಿಗೆ ಬೇಕಾಗಿದ್ದು ಕನ್ನಡಕ ಅಲ್ಲ, ದಿಂಬು. ಅದನ್ನ ಬಾಯಿಬಿಟ್ಟು ಹೇಳಿದ್ದಕ್ಕೆ ಸರ್ವಮಂಗಳನ ಹತ್ರ ಬೈಸ್ಕೊಂಡೆ.

ಬೆಳಗಿನ ಕೂಗೂ ನಿಂತುಹೋಯ್ತು. ಮನೆ ಇದ್ದಲ್ಲೇ ಇದ್ರೆ ಕೂಗೋದೇನನ್ನ? ಆಯುಕ್ತರು ಮತ್ತೆ ಬಂದು ನಮ್ಮದು 'ಅಚಲ ಊರು' ಅಂತ ಘೋಷಣೆ ಮಾಡಿ, ಹಾರ ಹಾಕಿಸ್ಕೊಂಡು, ಭಾಷಣ ಬಿಗಿದ್ರು. ಸಭೆಗೆ ಸಭೆಯೇ ನಿದ್ದೆ ಹೋಗಿತ್ತು. ಭಾಷಣ ಮಾಡೋರು ಒಬ್ಬರು ಎಚ್ಚರ ಇದ್ರು ಅಂತ ಟೌನ್‌ಹಾಲ್ ಉಳ್ಕೊಳ್ತು, ಅವರೂ ಎಚ್ಚರ ಇದ್ದಿದ್ದು ನನಗೇನೋ ಅನುಮಾನ.

ಇಂಥ ಹೊತ್ತಲ್ಲಿ ನಮ್ಮ ಮಗಳು ವಿಶಾಲು ಚೊಚ್ಚಲ ಹೆರಿಗೆಗೆ ಅಂತ ತವರಿಗೆ ಬಂದ್ಲು. ಅಳಿಯಂದು ದೂರದ ಬಂದರಲ್ಲಿ ಕೆಲಸ, ಹೆರಿಗೆ ಹೊತ್ತಿಗೆ ಬರ್ತೀನಿ ಅಂತ ಹೇಳಿ ಹೋಗಿದ್ರು. ಗುಡ್ಡದ ಮೇಲಿನ ದೊಡ್ಡಾಸ್ಪತ್ರೆಗೆ ತೋರಿಸೋಕೆ ಕರ್ಕೊಂಡು ಹೋದಾಗ ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ಮುಖ ಸಣ್ಣ ಮಾಡಿದ್ರು. "ಮಗು ಅಡ್ಡ ಮಲಗಿದೆ. ನೋವು ಶುರುವಾದ ತಕ್ಷಣ ಕರ್ಕೊಂಡು ಬರಬೇಕು. ಆಟೋ ಗೀಟೋದಲ್ಲಿ ಕುಲುಕಾಡಿಸ್ಬೇಡಿ, ತಾಯಿಗಾಡೀಲೇ ಮಲಗಿಸ್ಕೊಂಡು ಬನ್ನಿ, ಅದರಲ್ಲಿ ನರ್ಸ್ ಇರ್ತಾರೆ. ತಡ ಮಾಡಿದ್ರೆ ನನ್ನ ಕೈಯಲ್ಲಿ ಏನೂ ಇರಲ್ಲ," ಅಂದ್ರು. ದಾರಿಯುದ್ದಕ್ಕೂ ಸರ್ವಮಂಗಳ ಮಾತಾಡ್ಲಿಲ್ಲ. ನಮ್ಮ ಮದುವೆಯಾದ ಮೇಲೆ ಅಂಥದ್ದು ನಡೆದಿರ್ಲೇ ಇಲ್ಲ.

ಮೇಷ್ಟ್ರ ಪ್ರಕರಣ ಆದ್ಮೇಲೆ ಹೊಸ ನಿಯಮ, ತಾಯಿಗಾಡಿ ಬೇಕು ಅಂದ್ರೆ ಮನೆಗೆ ಹಸಿರು ಟಿಕ್ಕು ಬೇಕು. ಟಿಕ್ಕು ಬೇಕು ಅಂದ್ರೆ ಸ್ಥಿರತಾ ಪರಿಶೀಲಕರು ಬಂದು, ಮನೆಯೊಳಗೆ ಕೂತು, ಮನೆ ಪಿನ್ನಿನ ಮೇಲೇ ಇದೆ ಅಂತ ಒಪ್ಪಬೇಕು. ಮನೆಬಾಗಿಲಿಗೆ ಸರ್ಕಾರ ಬರೋಕೆ ಮುಂಚೆ, ಮನೆಬಾಗಿಲು ಇದೆಯಾ ಅಂತ ನೋಡೋಕೆ ಸರ್ಕಾರ ಬರಬೇಕು! ಇದಕ್ಕೆ ಅಂತಾನೇ ಹೊಸದಾಗಿ ಹುದ್ದೆ ಮಾಡಿ, ಶುರುವಿಂದ ಜಾಲತಾಣದ ಉಸ್ತುವಾರಿ ನೋಡ್ಕೊಂಡಿದ್ದ ಹಾಲೇಶಪ್ಪ ಅನ್ನೋರನ್ನ ರಾಜಧಾನಿಯಿಂದ ಕಳಿಸಿದ್ರು. ಇವತ್ತು ಬರ್ತೀನಿ, ನಾಳೆ ಬರ್ತೀನಿ ಅಂತ ಅವರು ಸತಾಯಿಸ್ತಾ ಇದ್ರು, ನಾವು ಪಾಳಿ ಮೇಲೆ ಪಾಳಿ ಕಾಯ್ತಾ ಇದ್ವಿ. ವಿಶಾಲುಗೆ ಮಾತ್ರ ಪಾಳಿ ಇಲ್ಲ. "ಅಪ್ಪಾ, ಹೊಟ್ಟೆಯೊಳಗಿರೋದು ಹೇಗೂ ಒದೀತಾನೇ ಇರುತ್ತೆ. ಅದು ಎಚ್ಚರ ಇದೆ ಅಂತ ಲೆಕ್ಕಕ್ಕೆ ಬರಲ್ವಾ?" ಅಂತ ಕೇಳಿದ್ಲು. ನಗೋಕೂ ನನಗೆ ಶಕ್ತಿ ಇರ್ಲಿಲ್ಲ.

ಕೊನೆಗೊಂದು ದಿನ ಹಾಲೇಶಪ್ಪ ಬಂದ್ರು, ಸರಿಯಾಗಿ ಊಟದ ಹೊತ್ತಿಗೆ. ದುಂಡನೆ ಮನುಷ್ಯ, ಕುತ್ತಿಗೆಗೆ ಗುರುತಿನ ಚೀಟಿ, ಕೈಯಲ್ಲಿ ದೊಡ್ಡ ಫೋನು. ಸರ್ವಮಂಗಳ ಹೋಳಿಗೆ ಮಾಡಿದ್ಲು. ಬೇಡ ಬೇಡ ಅನ್ನುತ್ತಾ ಅವರು ಹಾಕಿಸ್ಕೊಂಡ ಹೋಳಿಗೆಗೆ ತುಪ್ಪದ ಡಬ್ಬಿ ತಳ ಕಂಡಿತು. ಕೈ ತೊಳ್ಕೊಂಡು ನನ್ನ ಈಸಿಚೇರಲ್ಲಿ ಒರಗಿ, "ನೋಡಿ ನೀಲಕಂಠಯ್ಯನೋರೇ, ಎಲ್ಲ ಸರಿಯಾಗಿದೆ. ನಿಮ್ಮ ಫೋನಿಗೆ ಒಂದು ಓಟಿಪಿ ಬರುತ್ತೆ, ಅದನ್ನ ಹೇಳಿ. ಟಿಕ್ಕು ಹಾಕಿ ನಾನು ಹೊರಡ್ತೀನಿ," ಅಂದ್ರು.

"ನಮ್ಮನೇಲಿ ಸಿಗ್ನಲ್ ಸಿಗಲ್ಲ ಸಾಹೇಬ್ರೇ. ಮನೆ ಒಂದೇ ಕಡೆ ನಿಂತ ಮೇಲೆ ಈ ಗತಿ. ಮುಂಚೆ ಆಗಿದ್ರೆ ಒಂದಲ್ಲ ಒಂದು ದಿನ ಸಿಗ್ನಲ್ ಇರೋ ಕಡೆ ಹೋಗಿರೋದು."

"ಹಾಗಾದ್ರೆ ಹೊರಗೆ ಹೋಗಿ ಹಿಡ್ಕೊಂಡು ಬನ್ನಿ."

ಓಟಿಪಿ ಏನು ಚಿಟ್ಟೆನಾ ಹಿಡ್ಕೊಂಡು ಬರೋಕೆ? ಆದ್ರೂ ಹೊರಟೆ. ಅದೇ ಹೊತ್ತಿಗೆ ಬೀದಿ ನಲ್ಲೀಲಿ ನೀರು ಬಂತು ಅಂತ ಗದ್ದಲ ಶುರುವಾಯ್ತು. ಸರ್ವಮಂಗಳ ಕೊಡ ಎತ್ಕೊಂಡು ಬಾಗಿಲಲ್ಲಿ ನಿಂತು, "ಸಾಹೇಬ್ರೇ, ಮಗಳು ಒಳಗೆ ಮಲಗಿದಾಳೆ. ನಾವು ಈಗ ಬಂದ್ಬಿಡ್ತೀವಿ. ನೀವು ಎಚ್ಚರವಾಗಿರ್ತೀರಿ ತಾನೆ?" ಅಂದ್ಲು.

"ನಾನು ಸರ್ಕಾರಿ ಡ್ಯೂಟೀಲಿ ಇದೀನಮ್ಮ!"

"ಅದಕ್ಕೇ ಕೇಳಿದ್ದು."

ಬೀದಿ ಕೊನೆಯ ಅರಳೀಕಟ್ಟೆ ಮೇಲೆ ಹತ್ತಿ, ಫೋನನ್ನ ಆರತಿ ಎತ್ತೋ ಹಾಗೆ ಆ ಕಡೆ ಈ ಕಡೆ ಆಡಿಸಿದ ಮೇಲೆ ಓಟಿಪಿ ಬಿತ್ತು. ಮರೀಬಾರ್ದು ಅಂತ ಬಾಯಲ್ಲಿ ಹೇಳ್ಕೊಳ್ತಾ ವಾಪಸ್ ಬಂದೆ. ಬಂದ್ರೆ ಮನೆ ಇಲ್ಲ. ಮನೆ ಇದ್ದ ಜಾಗದಲ್ಲಿ ಚೌಕನೆಯ ಬರಿ ನೆಲ, ಪಕ್ಕದಲ್ಲಿ ಒಗೆದ ಬಟ್ಟೆ ಒಣಗಿಸಿದ್ದ ಹಗ್ಗದ ಒಂದು ತುದಿ. ನೀರಿನ ಕೊಡ ಹೊತ್ಕೊಂಡು ಸರ್ವಮಂಗಳಾನೂ ಬಂದ್ಲು. ನೆಲ ನೋಡಿದ್ಲು, ನನ್ನ ನೋಡಿದ್ಲು. "ಮಲಗಿಬಿಟ್ನಾ ಆ ಹೋಳಿಗೆ ಬಾಕ?" ಅಂದವಳೇ ಕೊಡಾನ ಅಲ್ಲೇ ಇಳಿಸಿ ಕೂತುಬಿಟ್ಲು.

ಮನೆ ಹೋಗಿ ಬಯಲಾದ್ದಕ್ಕೋ ಏನೋ, ಸಿಗ್ನಲ್ಲೇ ಸಿಗದಿದ್ದ ಆ ಜಾಗದಲ್ಲಿ ನನ್ನ ಫೋನ್ ಹೊಡ್ಕೊಳ್ತು. ಹಾಲೇಶಪ್ಪ. "ಸ್ವಾಮೀ, ನಿಮ್ಮ ಮನೆ ಇದ್ದ ಕಡೆ ಇಲ್ಲ!"

"ಅದು ನನಗೆ ಕಾಣ್ತಾ ಇದೆ ಸಾಹೇಬ್ರೇ. ನೀವು ಎಲ್ಲಿದೀರಿ?"

"ಅದು ನನಗೆ ಕಾಣ್ತಾ ಇಲ್ವಲ್ಲ! ಒಂಚೂರು ಕಣ್ಣು ಮುಚ್ಚಿದ್ದೆ ಅಷ್ಟೇ. ನಿಮ್ಮ ಮಗಳು ಕೂಗಿದ್ದು ಕೇಳಿ ಎದ್ದೆ. ನೋವು ಶುರುವಾಗಿದೆ. ನನ್ನ ಕೈ ಹಿಡ್ಕೊಂಡಿದಾಳೆ, ಬಿಡ್ತಾ ಇಲ್ಲ. ಸಿಗ್ನಲ್ ಮಾತ್ರ ಇಲ್ಲಿ ಬಹಳ ಚೆನ್ನಾಗಿದೆ."

ಅವರ ಸಿಗ್ನಲ್‌ಗೆ ಬೆಂಕಿ ಬೀಳ. "ಬಾಗಿಲಾಚೆ ಏನು ಕಾಣುತ್ತೆ ಹೇಳಿ."

"ಹೊಳೆ ಕಾಣುತ್ತೆ. ಮರಗಳು. ಒಂದು ಎಮ್ಮೆ."

ನಮ್ಮೂರನ್ನ ಹೊಳೆ ಸುತ್ತುಹಾಕ್ಕೊಂಡು ಹೋಗುತ್ತೆ. ಎಲ್ಲಿ ನಿಂತ್ರೂ ಹೊಳೆ, ಮರ, ಎಮ್ಮೆ. ಹಾಲೇಶಪ್ಪ ಊರಿಗೆ ಹೊಸಬರು, ಯಾವ ದಂಡೆ ಅಂತ ಹೇಳೋಕೂ ಬರಲ್ಲ. ಹಿಂದಿನಿಂದ ವಿಶಾಲು ನರಳೋದು ಕೇಳಿಸ್ತು. ಸರ್ವಮಂಗಳ ಫೋನ್ ಕಿತ್ಕೊಂಡು, "ಮೊದಲು ಗಾಡಿ ಕರೆಸ್ರೀ! ಅವಳು ಕಷ್ಟಪಡೋದು ಕೇಳ್ತಾ ಇಲ್ವಾ?" ಅಂತ ಚೀರಿದ್ಲು. ಗಾಡಿಗೆ ಟಿಕ್ಕು ಬೇಕು, ಟಿಕ್ಕಿಗೆ ಓಟಿಪಿ ಬೇಕು. ನಾನು ಫೋನ್ ವಾಪಸ್ ಇಸ್ಕೊಂಡು ಹೇಳಿದೆ. ಹಾಲೇಶಪ್ಪ ಒತ್ತಿದ್ರು. ಆಗ ಏನು ಬಂತು ಗೊತ್ತಾ? 'ಅಭಿನಂದನೆಗಳು! ನಿಮ್ಮ ಮನೆ ಸ್ಥಿರವಾಗಿದೆ.'

ತಾಯಿಗಾಡಿ ಬರೋಕೆ ತಡ ಆಗ್ಲಿಲ್ಲ, ಅದನ್ನ ಒಪ್ಪಬೇಕು. ಹಾರ್ನ್ ಹೊಡ್ಕೊಂಡು, ಧೂಳೆಬ್ಬಿಸ್ಕೊಂಡು, ಸರಿಯಾಗಿ ಪಿನ್ನಿನ ಮೇಲೆ, ಅಂದ್ರೆ ನಮ್ಮ ಅಡುಗೆಮನೆ ಇರಬೇಕಾದ ಕಡೆ ಬಂದು ನಿಂತ್ಕೊಳ್ತು. ನರ್ಸ್ ಫಿಲೋಮಿನಮ್ಮ ಇಳಿದು, ಚೀಲ ಹಿಡ್ಕೊಂಡು, "ಗರ್ಭಿಣಿ ಎಲ್ಲಿ?" ಅಂದ್ರು. "ಮನೇಲಿದಾಳೆ." "ಮನೆ ಎಲ್ಲಿ?" ನಾನು ಸುಮ್ಮನೆ ನೆಲ ತೋರಿಸಿದೆ. ಡ್ರೈವರ್ ಒಳ್ಳೆ ಮನುಷ್ಯ. "ಎಲ್ಲಿಗೆ ಹೋಗ್ಬೇಕು ಹೇಳಿ ಯಜಮಾನ್ರೇ, ಹಾರಿಸ್ಕೊಂಡು ಹೋಗ್ತೀನಿ. ಸುಮ್ನೆ ಹುಡುಕ್ತಾ ಹೋದ್ರೆ ಹೊಳೆ ಸುತ್ತೋ ಅಷ್ಟರಲ್ಲಿ ಕತ್ತಲಾಗುತ್ತೆ," ಅಂದ. ಫಿಲೋಮಿನಮ್ಮ ಮೆಲ್ಲಗೆ, "ಮಗು ಅಡ್ಡ ಇದೆ ಅಂತ ಬರೆದಿದೆ. ಅಷ್ಟು ಹೊತ್ತಿಲ್ಲ," ಅಂದ್ರು.

ಸರ್ವಮಂಗಳ ಸೆರಗು ಸಿಕ್ಕಿಸ್ಕೊಂಡು ಬೀದಿ ಮಧ್ಯ ನಿಂತು, ಎಷ್ಟೋ ತಿಂಗಳಿಂದ ಯಾರೂ ಕೂಗದೇ ಇದ್ದ ಕೂಗು ಕೂಗಿದ್ಲು. "ಕನ್ನಡಕದವರ ಮನೆ ಎಲ್ಲೀ? ಕಂಡೋರು ಕೂಗ್ರಪ್ಪೋ!" ಬೀದಿಯ ಮನೆಗಳಲ್ಲೆಲ್ಲ ಪಾಳಿಯೋರು ಕಿಟಕೀಲಿ ಕೂತಿದ್ರು, ಕಣ್ಣು ಬಿಟ್ಕೊಂಡೇ ತೂಕಡಿಸ್ತಾ. ಒಬ್ಬರು ಬೆಚ್ಚಿಬಿದ್ದು, "ನಮ್ಮನೆ ಇಲ್ಲೇ ಇದೆ, ನಾನು ಮಲಗಿಲ್ಲ, ಮಲಗಿಲ್ಲ!" ಅಂತ ಚೀರಿಕೊಂಡ್ರು. ಇನ್ನೊಬ್ಬರು ಕಿಟಕಿ ಹಾಕ್ಕೊಂಡ್ರು. ಕೂಗು ಬೀದಿ ತಿರುವಿನವರೆಗೂ ಹೋಗಲಿಲ್ಲ. ಸರ್ವಮಂಗಳ ಮತ್ತೆ ಕೂಗಿದ್ಲು, ಗಂಟಲು ಹರಿದುಹೋಗೋ ಹಾಗೆ. ಅವಳ ಕಣ್ಣಲ್ಲಿ ನೀರು ನೋಡಿ ನನಗೆ ತಲೆ ಕೆಟ್ಟುಹೋಯ್ತು.

"ಹಾಲೇಶಪ್ಪನೋರೇ," ಅಂದೆ ಫೋನಲ್ಲಿ, "ನಿಮ್ಮ ಕೈಲಿರೋ ಫೋನಿಗೆ ನೀವೆಲ್ಲಿದೀರಿ ಅಂತ ಗೊತ್ತಿಲ್ವಾ?"

"ಗೊತ್ತಿದೆ. ನಕ್ಷೇಲಿ ನೀಲಿ ಚುಕ್ಕಿ ಮಿಣುಕ್ತಾ ಇದೆ."

"ಗಾಡಿಯವನ ಫೋನಿಗೆ ಅದು ಯಾಕೆ ಗೊತ್ತಾಗಲ್ಲ?"

"ಅವನಿಗೆ ಕಾಯಂ ಪಿನ್ ಮಾತ್ರ ಕಾಣುತ್ತೆ. ಬದಲಾವಣೆಗೆ ಅವಕಾಶ..." ಅಂತ ಶುರು ಮಾಡಿದೋರು ಅಯ್ಯಪ್ಪಾ ಅಂದ್ರು. ವಿಶಾಲು ಕೈ ಹಿಂಡಿರಬೇಕು. "ತಾಳಿ, ತಾಳಿ. ಜಾಲತಾಣ ಕಟ್ಟಿದ ಹುಡುಗೀನ ಲೈನಿಗೆ ತಗೋತೀನಿ. ಚಂದ್ರಿಕಾ ಅಂತ, ರಾಜಧಾನೀಲಿ ಇದಾಳೆ."

ಚಂದ್ರಿಕಾ ಲೈನಿಗೆ ಬಂದ್ಲು. ಹಾಲೇಶಪ್ಪ ಒಂದೇ ಉಸಿರಲ್ಲಿ ಎಲ್ಲ ಹೇಳಿ, "ಈ ಪಿನ್ ಕಿತ್ತು ಬೇರೆ ಕಡೆ ಹಾಕೋದಕ್ಕೆ ಏನಾದ್ರೂ ಮಾಡಮ್ಮ, ಎಷ್ಟು ಹೊತ್ತಾಗುತ್ತೆ?" ಅಂದ್ರು.

"ಮಾಡೋದೇನಿದೆ ಸಾರ್? ಮಾಡಿಟ್ಟಿದೀನಲ್ಲ," ಅಂದ್ಲು ಆ ಹುಡುಗಿ. "ಮೊದಲ ದಿನದಿಂದಾ ಬಟನ್ ಇದೆ. 'ನಮ್ಮ ಮನೆ ಈಗ ಇಲ್ಲಿದೆ' ಅಂತ. ಒತ್ತಿದ್ರೆ ಪಿನ್ ತಾನಾಗೇ ಬರುತ್ತೆ. ಆ ಊರಿನ ಮನೆಗಳು ಓಡಾಡ್ತವೆ ಅಂತ ಕೇಳಿದ್ಮೇಲೆ ಅದಿಲ್ಲದೇ ಹೇಗೆ ಕಟ್ಲಿ ಸಾರ್? ನಿಮ್ಮ ಇಲಾಖೆಯೋರೇ ಮುಚ್ಚಿಸಿದ್ದು."

"ಮುಚ್ಚಿಸಿದ್ದಾ? ಯಾವ ಮುಠ್ಠಾಳ ಅದನ್ನ ಮುಚ್ಚು ಅಂದಿದ್ದು?"

"ನೀವೇ ಸಾರ್. ಜನಾನೇ ಒತ್ಕೊಂಡ್ರೆ ಮುಂದೆ ಪರಿಶೀಲಕರಿಗೆ ಕೆಲಸ ಏನಿರುತ್ತೆ ಅಂದಿದ್ರಿ."

ಬೀದೀಲಿ ನಿಂತಿದ್ದ ನನಗೆ ಯಾರನ್ನ ಹಿಡ್ಕೊಂಡು ಬಡೀಬೇಕು ಅಂತ ತಿಳೀಲಿಲ್ಲ. ಊರಿಗೆ ಊರೇ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂತಿದೆ, ಮೇಷ್ಟ್ರಿಗೆ ಹೆರಿಗೆ ಮಾಡಿಸೋಕೆ ಗಾಡಿ ಬಂದಿದೆ, ಅರ್ಧ ಮೀಸೆ ಹೋದೋನು ಮುಖ ಮುಚ್ಕೊಂಡು ಓಡಾಡ್ತಿದಾನೆ. ಇಷ್ಟಕ್ಕೆಲ್ಲ ಬೇಕಾಗಿದ್ದು ಒಂದು ಬಟನ್ನು, ಅದೂ ಹೊಲಿದು ಇಟ್ಟಿದ್ದು, ಕಾಜಾ ಮುಚ್ಚಿದಾರೆ! ನಾನು ಬಾಯಿಗೆ ಬಂದಿದ್ದನ್ನ ಅನ್ನೋದಕ್ಕೆ ಮುಂಚೆ ಫೋನಲ್ಲಿ ವಿಶಾಲು ದನಿ ಬಂತು, ಏದುಸಿರು ಬಿಡ್ತಾ. "ಅಕ್ಕಾ, ನಾನು ವಿಶಾಲು. ಈ ಸಾಹೇಬ್ರನ್ನ ಆಮೇಲೆ ಬೈಕೊಳ್ಳೋಣ. ಈಗ ಆ ಬಟನ್ ತೆಗೀತೀರಾ?"

"ತೆಗೀತೀನಮ್ಮ. ಆಯುಕ್ತರು ಒಪ್ಪಬೇಕು, ಅವರದ್ದು ಆಮೇಲೆ ನೋಡೋಣ. ಒಂದೇ ಮನೆಗೆ ತೆಗೆಯೋಕೆ ಬರಲ್ಲ, ತೆಗೆದ್ರೆ ಊರಿಗೇ ತೆಗೀಬೇಕು. ಸಾರ್, ನಿಮ್ಮ ಒಪ್ಪಿಗೆಗೆ ಓಟಿಪಿ ಬಂದಿರುತ್ತೆ, ಹೇಳಿ." ಹಾಲೇಶಪ್ಪ ತಡವರಿಸ್ತಾ ಹೇಳಿದ್ರು. "ಈಗ ನೋಡಿ, ಕೆಳಗಡೆ ಹೊಸ ಬಟನ್ ಬಂತಲ್ಲ? ಒತ್ತಿ."

ನನ್ನ ಪಕ್ಕದಲ್ಲಿ ಡ್ರೈವರ್ ಫೋನ್ ಟಿಣ್ ಅಂತು. ಕೆಂಪು ಪಿನ್ ನಕ್ಷೆ ಮೇಲೆ ಎಗರಿ, ಸೇತುವೆ ದಾಟಿ, ಇಟ್ಟಿಗೆ ಗೂಡುಗಳ ಹಿಂದೆ ಹೋಗಿ ಕೂತ್ಕೊಳ್ತು. "ಅಯ್ಯೋ, ಇಟ್ಟಿಗೆ ಗೂಡಾ? ಇಲ್ಲೇ ಅಲ್ವಾ!" ಅಂತ ಡ್ರೈವರ್ ಗಾಡಿ ತಿರುಗಿಸಿದ. ಸರ್ವಮಂಗಳನ ಕೂಗು ಅಷ್ಟು ದೂರ ಹೋಗ್ತಿರ್ಲಿಲ್ಲ. ಹೊಳೆ ಸದ್ದೇ ಅದನ್ನ ನುಂಗಿಬಿಡ್ತಿತ್ತು. ಯಂತ್ರವನ್ನ ಬೈಯೋಕೆ ಅಂತ ಬಾಯಿ ತೆರೆದಿದ್ದೆ, ಮುಚ್ಚಿಕೊಂಡು ಗಾಡಿ ಹತ್ತಿದೆ.

ನಮ್ಮ ಮನೆ ಇಟ್ಟಿಗೆ ಗೂಡಿನ ಹಿಂದೆ ಏನೂ ಅರಿಯದ ಹಾಗೆ ನಿಂತಿತ್ತು. ಒಳಗೆ ಹಾಲೇಶಪ್ಪ ಮಂಡಿಯೂರಿ ಕೂತು, ಬೆವರು ಸುರಿಸ್ತಾ, "ಉಸಿರು ಬಿಡಮ್ಮ, ಉಸಿರು ತಗೋ" ಅನ್ನುತ್ತಾ, ಅವಳಿಗಿಂತ ಜೋರಾಗಿ ತಾವೇ ಉಸಿರಾಡ್ತಿದ್ರು. ಫಿಲೋಮಿನಮ್ಮ ಅವರನ್ನ ಪಕ್ಕಕ್ಕೆ ಸರಿಸಿ, ಸ್ಟ್ರೆಚರ್ ಹಾಕಿಸಿದ್ರು. ವಿಶಾಲು ಹಾಲೇಶಪ್ಪನವರ ಮುಂಗೈ ಬಿಡಲೇ ಇಲ್ಲ, ಹೀಗಾಗಿ ಅವರೂ ಗಾಡಿ ಹತ್ತಬೇಕಾಯ್ತು. ಗುಡ್ಡ ಹತ್ತೋವಾಗ ಒಂದು ಸಲ "ನನ್ನ ಡ್ಯೂಟಿ..." ಅಂದ್ರು. ಸರ್ವಮಂಗಳ ನೋಡಿದ ನೋಟಕ್ಕೆ ಆ ವಾಕ್ಯ ಅಲ್ಲೇ ಸತ್ತುಹೋಯ್ತು.

ಡಾಕ್ಟರಮ್ಮ ಬಾಗಿಲಲ್ಲೇ ಕಾಯ್ತಾ ಇದ್ರು. ಹೊರಟಿದೀವಿ ಅನ್ನೋದು, ನರ್ಸಮ್ಮ ಬರೆದಿದ್ದು, ಎಲ್ಲ ಅವರ ಫೋನಿಗೆ ಮುಂಚೇನೇ ಹೋಗಿತ್ತು. ನೇರ ಆಪರೇಷನ್ ಕೋಣೆಗೆ ಕರ್ಕೊಂಡು ಹೋದ್ರು. ಹೊರಗಿನ ಬೆಂಚಲ್ಲಿ ನಾವು ಮೂರು ಜನ. ನನಗೆ ಹಾಲೇಶಪ್ಪನ ಮೇಲೆ ಸಿಟ್ಟು ಒಳಗೇ ಕುದೀತಿತ್ತು, ಆದ್ರೆ ಆ ಮನುಷ್ಯನ ಮುಂಗೈ ಮೇಲೆ ನನ್ನ ಮಗಳ ಉಗುರಿನ ಗುರುತು ಕೆಂಪಗೆ ಎದ್ದಿತ್ತು, ಅದನ್ನ ನೋಡಿದಾಗೆಲ್ಲ ಬೈಯೋದನ್ನ ಮುಂದಕ್ಕೆ ಹಾಕ್ತಿದ್ದೆ. ಕೊನೆಗೆ ಒಳಗಿಂದ ಅಳು ಕೇಳಿಸ್ತು. ಅಳು ಅನ್ನಬಾರ್ದು, ಆರ್ಭಟ. ಫಿಲೋಮಿನಮ್ಮ ಬಾಗಿಲು ಸರಿಸಿ, "ಹೆಣ್ಣುಮಗು. ತಾಯೀನೂ ಚೆನ್ನಾಗಿದಾಳೆ," ಅಂದ್ರು. ಸರ್ವಮಂಗಳ ಬೆಂಚಿನ ಮೇಲೇ ಒರಗಿಬಿಟ್ಲು. ಹಾಲೇಶಪ್ಪ ಗುರುತಿನ ಚೀಟೀಲೇ ಕಣ್ಣೊರೆಸ್ಕೊಂಡ್ರು.

ನನ್ನ ಫೋನಿಗೆ ಜಾಲತಾಣದಿಂದ ಮೆಸೇಜು ಬಂತು. "ಏನಂತೆ?" ಅಂದ್ಲು ಸರ್ವಮಂಗಳ. "ಎಷ್ಟು ನಕ್ಷತ್ರ ಅಂತ ಕೇಳ್ತಿದೆ," ಅಂದೆ. "ಇನ್ನೂ ಪಂಚಾಂಗ ನೋಡಿಲ್ಲ, ಅಷ್ಟು ಬೇಗ ಇದಕ್ಕೇನು ಅವಸರ?" ಅಂದ್ಲು. ನಾನು ಐದೂ ಕೊಟ್ಟೆ. ಬೈಗುಳ ಬರೆಯೋಕೆ ಅಂತ ಕೆಳಗೆ ಜಾಗ ಇತ್ತು, ಅದನ್ನೂ ಭರ್ತಿ ಮಾಡಿದೆ.

ಆಸ್ಪತ್ರೆ ಕಿಟಕಿಯಿಂದ ಇಡೀ ಊರು ಕಾಣುತ್ತೆ. ಹೊಸ ಬಟನ್ ಸುದ್ದಿ ಅಷ್ಟೊತ್ತಿಗೆ ಫೋನಿಂದ ಫೋನಿಗೆ ಹರಡಿತ್ತು. ಜನ ಹಾಡಹಗಲೇ ಚಾಪೆ ಹಾಸ್ಕೊಂಡು ಉರುಳಿಕೊಂಡಿದ್ರು ಅಂತ ಕಾಣುತ್ತೆ. ಕಣ್ಣು ಆ ಕಡೆ ತಿರುಗಿಸಿ ಈ ಕಡೆ ನೋಡಿದ್ರೆ ಮಾರ್ಕೆಟ್ ಹತ್ರ ಇದ್ದ ಕೆಂಪು ಹೆಂಚಿನ ಮನೆ ಇಲ್ಲ, ಕೆರೆ ಮೂಲೇಲಿ ಖಾಲಿ ಇದ್ದ ಕಡೆ ಎರಡು ಮಹಡಿ ಬಂದು ನಿಂತಿದೆ. ಊರು ಕೈಕಾಲು ಚಾಚಿ ಮೈಮುರಿದ ಹಾಗಿತ್ತು.

ಆಗ ಹಾಲೇಶಪ್ಪನ ಫೋನ್ ಹೊಡ್ಕೊಳ್ತು. ಚಂದ್ರಿಕಾ. ಮೊದಲು ಕೇಳಿದ್ದು ಮಗು ವಿಷಯ. ಆಮೇಲೆ ದನಿ ತಗ್ಗಿಸಿ, "ಸಾರ್, ಆಯುಕ್ತರು ಕೆಂಡ ಆಗಿದಾರೆ. ಅಚಲ ಊರು ಅಂತ ನಾನು ಭಾಷಣ ಮಾಡಿ ಬಂದಿದೀನಿ, ಇದೇನು ಊರಿಗೂರೇ ಚಲಿಸ್ತಿದೆ ಅಂತಿದಾರೆ. ಬಟನ್ ಈಗಿಂದೀಗ್ಲೇ ಮುಚ್ಚಬೇಕಂತೆ. ತೆಗೆದಿದ್ದು ನಿಮ್ಮ ಒಪ್ಪಿಗೆ ಮೇಲೆ, ಮುಚ್ಚೋಕೂ ನಿಮ್ಮದೇ ಬೇಕು. ಓಟಿಪಿ ಬಂತಾ ಸಾರ್?"

ಬಂದಿತ್ತು. ನನಗೂ ಕಾಣೋ ಹಾಗೆ ಅವರ ಅಂಗೈಯಲ್ಲಿ ಹೊಳೀತಾ ಇತ್ತು. ಹಾಲೇಶಪ್ಪ ಅದನ್ನ ನೋಡಿದ್ರು. ಕಿಟಕಿಯಾಚೆ ನೋಡಿದ್ರು. ಒಳಗೆ ಮಗು ಅಳ್ತಾನೇ ಇತ್ತು. ಈ ಮನುಷ್ಯನಿಗೆ ಊರಲ್ಲಿ ಇರೋದೇ ಒಂದು ಹುದ್ದೆ, ಆ ಬಟನ್ ತೆರೆದಿದ್ರೆ ಅದೂ ಇಲ್ಲ.

"ಬಂದಿದೆಯಮ್ಮ," ಅಂದ್ರು.

"ಹೇಳಿ ಸಾರ್."

"ಇದನ್ನ ಯಾರಿಗೂ ಹೇಳಬೇಡಿ ಅಂತ ಇದರ ಕೆಳಗೇ ಬರೆದಿದೆಯಲ್ಲಮ್ಮ. ಸರ್ಕಾರಿ ನೌಕರ ನಾನು. ಸರ್ಕಾರ ಬೇಡ ಅಂದಿದ್ದನ್ನ ಹೇಗೆ ಮಾಡ್ಲಿ?"

ಆ ಕಡೆ ಹುಡುಗಿ ಕಿಸಕ್ಕನೆ ನಕ್ಕಿದ್ದು ಕೇಳಿಸ್ತು. "ಹೇಳಲೇಬೇಡಿ ಸಾರ್. ಯಾರು ಕೇಳಿದ್ರೂ ಹೇಳಬೇಡಿ."

ಹಾಲೇಶಪ್ಪ ಫೋನ್ ಜೇಬಿಗೆ ಹಾಕ್ಕೊಂಡು, ಗೋಡೆಗೆ ತಲೆ ಕೊಟ್ಟು, ಕಣ್ಣು ಮುಚ್ಚಿದ್ರು. ಪಕ್ಕದಲ್ಲಿ ಸರ್ವಮಂಗಳ ಆಗಲೇ ಬಾಯಿ ತೆರೆದು ನಿದ್ದೆ ಹೋಗಿದ್ಲು. ನನಗೂ ರೆಪ್ಪೆ ಎಳೀತಿತ್ತು, ತಡೆಯೋಕೆ ಹೋಗ್ಲಿಲ್ಲ. ಆಸ್ಪತ್ರೆ ಎಲ್ಲಿಗೂ ಹೋಗಲ್ಲ ಅಂತ ಧೈರ್ಯ ಇತ್ತು. ಒಳಗೆ ನನ್ನ ಮೊಮ್ಮಗಳು ಎಚ್ಚರವಾಗಿದ್ದಳು, ಇಡೀ ಗುಡ್ಡಕ್ಕೇ ಕೇಳೋ ಹಾಗೆ.